ಜೋಡಿ ಲೆಕ್ಕ ಬಿಡಿ, ಗುಂಪು ತನ್ನಿ

ಪ್ರಶ್ನೆ: ಮೂರು ಅಡಿ ಉದ್ದ, 15 ಇಂಚು ಅಗಲ, 15 ಇಂಚು ಎತ್ತರದ ಫಿಶ್ ಟ್ಯಾಂಕ್ ಇಟ್ಟು ಐದು ತಿಂಗಳಾಯಿತು. ಎಲ್ಲ ಬಗೆಯೂ ಇರಲಿ ಅಂತ 2 ಏಂಜಲ್, 4 ನಿಯಾನ್ ಟೆಟ್ರಾ, 3 ಟೈಗರ್ ಬಾರ್ಬ್, 2 ಬ್ಲಾಕ್ ವಿಡೋ, 2 ಬಾಲಾ ಶಾರ್ಕ್ ತಂದೆ. ನಿಯಾನ್‌ಗಳಲ್ಲಿ ಈಗ ಒಂದೇ ಉಳಿದಿದೆ. ಸತ್ತ ಮೀನು ಕಣ್ಣಿಗೆ ಬೀಳಲೇ ಇಲ್ಲ. ಏಂಜಲ್‌ಗಳ ರೆಕ್ಕೆ ಹರಿದು ಚಿಂದಿಯಾಗಿದೆ. ಮನೆಯವರಿಗೆಲ್ಲ ಗುಂಪಾಗಿ ಈಜುವ ಮೀನು ನೋಡುವ ಆಸೆ. ಯಾವುದರ ಜೊತೆ ಯಾವುದು ಹೊಂದುತ್ತದೆ? ನಮ್ಮದು ಬೋರ್‌ವೆಲ್ ನೀರು, ಮೀಟರ್‌ನಲ್ಲಿ ಟಿಡಿಎಸ್ 700 ತೋರಿಸುತ್ತದೆ. ಗಾಜು ಕ್ಲೀನ್ ಮಾಡಲು ಒಂದು ಸಕ್ಕರ್ ಮೀನು ಹಾಕಬಹುದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ನಿಯಾನ್‌ಗಳು ಹೆಚ್ಚುಕಮ್ಮಿ ಏಂಜಲ್ ಹೊಟ್ಟೆ ಸೇರಿವೆ. ಅಂಗಡಿಯಲ್ಲಿ ಕೊಳ್ಳುವಾಗ ಏಂಜಲ್ ನಾಣ್ಯದಷ್ಟಿರುತ್ತದೆ. ಪಕ್ಕದಲ್ಲಿ ನಿಯಾನ್ ಅದಕ್ಕಿಂತ ಉದ್ದ ಕಾಣುತ್ತದೆ. ಆದರೆ ನಿಯಾನ್ ಮೂರು, ಮೂರೂವರೆ ಸೆಂಟಿಮೀಟರ್‌ಗೆ ನಿಂತುಬಿಡುತ್ತದೆ, ಏಂಜಲ್ ಬೆಳೆಯುತ್ತಲೇ ಹೋಗುತ್ತದೆ. ಪೂರ್ತಿ ಬೆಳೆದ ಏಂಜಲ್ ಹದಿನೈದು ಸೆಂಟಿಮೀಟರ್ ಉದ್ದ, ಮೇಲಿನ ಕೆಳಗಿನ ರೆಕ್ಕೆ ಸೇರಿಸಿದರೆ ಎತ್ತರ ಇನ್ನೂ ಜಾಸ್ತಿ. ಅದು ಸಿಚ್ಲಿಡ್ ಕುಟುಂಬದ ಮೀನು. ಬಾಯಿಗೆ ಹಿಡಿಸುವುದೆಲ್ಲ ಅದಕ್ಕೆ ಊಟ. ಸುಮ್ನೆ ಅದನ್ನು ಬೈದು ಪ್ರಯೋಜನವಿಲ್ಲ.

ಏಂಜಲ್‌ನ ರೆಕ್ಕೆ ಹರಿದದ್ದು ಟೈಗರ್ ಬಾರ್ಬ್‌ನ ಕೆಲಸ. ಬ್ಲಾಕ್ ವಿಡೋ ಕೂಡ ಕೈಜೋಡಿಸಿರಬಹುದು, ಅದಕ್ಕೂ ಆ ಚಾಳಿ ಇದೆ.

ಎರಡು ಅನಾಹುತಕ್ಕೂ ಬುಡದಲ್ಲಿರುವುದು ನಮ್ಮ ಅಂಗಡಿಗಳ ಜೋಡಿ ಲೆಕ್ಕ. ಮೀನಿಗೆ ಬೆಲೆ ಹೇಳುವುದೇ 'ಜೋಡಿಗೆ ಇಷ್ಟು' ಅಂತ. ಕೇಳಿದವರು ಇದೊಂದು ಜೋಡಿ, ಅದೊಂದು ಜೋಡಿ ಕಟ್ಟಿಸಿಕೊಂಡು ಮನೆಗೆ ಬರುತ್ತಾರೆ. ಟೆಟ್ರಾ, ಬಾರ್ಬ್, ಡ್ಯಾನಿಯೋಗಳು ಗಂಡ ಹೆಂಡತಿ ಸಂಸಾರ ಹೂಡುವ ಮೀನುಗಳಲ್ಲ. ಅವಕ್ಕೆ ಬೇಕಾದ್ದು ತಮ್ಮದೇ ಜಾತಿಯ ಗುಂಪು. ಹದಿಮೂರು ಮೀನಿಗೆ ಐದು ಬಗೆ ಇಟ್ಟುಕೊಂಡರೆ ಯಾವುದಕ್ಕೂ ಗುಂಪು ಸಿಗುವುದಿಲ್ಲ. ಅದೇ ಜಾಗದಲ್ಲಿ ಎರಡೇ ಬಗೆ, ಒಂದೊಂದೂ ಹತ್ತು ಹನ್ನೆರಡು ಇದ್ದರೆ ಟ್ಯಾಂಕ್‌ನ ನಡವಳಿಕೆಯೇ ಬೇರೆ. ನಿಮಗೆ ಒಂದೇ ಸಲಹೆ ಕೊಡು ಅಂದರೆ ಇದನ್ನೇ ಕೊಡುತ್ತೇನೆ. ಬಗೆ ಕಡಿಮೆ ಮಾಡಿ, ಸಂಖ್ಯೆ ಜಾಸ್ತಿ ಮಾಡಿ.

ಟೈಗರ್ ಬಾರ್ಬ್ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾತ್ರಾ, ಬೋರ್ನಿಯೋ ಕಡೆಯ ಮೀನು ಇದು, ಏಳು ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ತನ್ನವರ ನಡುವೆ ಸದಾ ಯಾರು ಮೇಲು ಯಾರು ಕೆಳಗು ಅನ್ನುವ ತಕರಾರು. ಒಂದು ಇನ್ನೊಂದನ್ನು ಅಟ್ಟುತ್ತದೆ, ಅದು ಮತ್ತೊಂದನ್ನು ಅಟ್ಟುತ್ತದೆ. ತಲೆ ಕೆಳಗೆ ಮಾಡಿ ಪಕ್ಕಪಕ್ಕ ನಿಂತು ಒಂದರ ಮುಂದೆ ಒಂದು ಜಂಬ ತೋರಿಸುತ್ತವೆ. ಹತ್ತು ಇದ್ದರೆ ಈ ಜಗಳ ಹತ್ತರೊಳಗೇ ಹಂಚಿಹೋಗುತ್ತದೆ, ಯಾರಿಗೂ ಜಾಸ್ತಿ ಪೆಟ್ಟಾಗುವುದಿಲ್ಲ. ಮೂರೇ ಇದ್ದರೆ ಸೋತ ಮೂರನೆಯದು ಮೂಲೆ ಹಿಡಿಯುತ್ತದೆ. ಉಳಿದೆರಡು ತಮ್ಮ ಚಪಲ ತೀರಿಸಲು ನಿಧಾನವಾಗಿ ಈಜುವ, ಉದ್ದ ರೆಕ್ಕೆಯ ಯಾರನ್ನಾದರೂ ಹುಡುಕುತ್ತವೆ. ನಿಮ್ಮ ಮನೆಯಲ್ಲಿ ಅದು ಏಂಜಲ್. ಪಕ್ಕದ ಮನೆಯಲ್ಲಾದರೆ ಗಪ್ಪಿ ಇಲ್ಲವೇ ಬೆಟ್ಟಾ. ಸಂಖ್ಯೆ ಹೆಚ್ಚಿಸಿದರೆ ಚಿವುಟುವುದು ಬಹಳ ಕಡಿಮೆಯಾಗುತ್ತದೆ. ಪೂರ್ತಿ ಹೋಗುತ್ತದೆ ಅಂತ ಮಾತ್ರ ನಂಬಬೇಡಿ. ಹನ್ನೆರಡು ಟೈಗರ್ ಇದ್ದರೂ ಅದರ ಜೊತೆ ಏಂಜಲ್ ಇಡುವುದು ಬೇಡ.

ಗುಂಪು ಯಾಕೆ ಬೇಕು ಅನ್ನುವುದು ಗೊತ್ತಾದರೆ ಉಳಿದದ್ದನ್ನು ನೀವೇ ತೀರ್ಮಾನಿಸಬಹುದು. ಮೀನು ಗುಂಪು ಕಟ್ಟುವುದು ಜೀವಭಯಕ್ಕೆ. 1971ರಲ್ಲಿ ಡಬ್ಲ್ಯೂ. ಡಿ. ಹ್ಯಾಮಿಲ್ಟನ್ ಎಂಬ ಬ್ರಿಟಿಷ್ ಜೀವವಿಜ್ಞಾನಿ ಇದಕ್ಕೊಂದು ಸರಳ ವಿವರಣೆ ಕೊಟ್ಟರು. ಪ್ರತಿ ಪ್ರಾಣಿಯೂ ತನ್ನ ಮತ್ತು ಬೇಟೆಗಾರನ ನಡುವೆ ಇನ್ನೊಬ್ಬ ಇರಲಿ ಅಂತ ಒಳಗೆ ನುಗ್ಗುತ್ತದೆ, ಎಲ್ಲವೂ ಹಾಗೇ ನುಗ್ಗಿದಾಗ ಹಿಂಡಾಗುತ್ತದೆ. ಸ್ವಾರ್ಥದಿಂದ ಹುಟ್ಟಿದ ಒಗ್ಗಟ್ಟು ಅದು. ಮೂರು ಮೀನಿನ ಗುಂಪಿನಲ್ಲಿ 'ನಡುವೆ' ಅನ್ನುವ ಜಾಗವೇ ಇರುವುದಿಲ್ಲ. ಮೂರೂ ಅಂಚಿನಲ್ಲೇ ಇರುತ್ತವೆ. ಹಾಗಾಗಿ ಅಡಗಿಕೊಳ್ಳುತ್ತವೆ, ಬಣ್ಣ ಮಂಕಾಗುತ್ತದೆ, ಊಟಕ್ಕೂ ಮುಂದೆ ಬರುವುದಿಲ್ಲ.

ಇನ್ನೆರಡು ಸಂಗತಿ ಇವೆ, ಇವು ಟ್ಯಾಂಕ್ ಸಾಕುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಟೆಟ್ರಾ, ಬಾರ್ಬ್, ರಾಸ್ಬೋರಾ, ಡ್ಯಾನಿಯೋ, ಕೋರಿಡೋರಸ್ ಎಲ್ಲವೂ ಒಂದೇ ದೊಡ್ಡ ಬಳಗದವು. ಈ ಬಳಗದ ಬಹುಪಾಲು ಮೀನುಗಳ ಚರ್ಮದಲ್ಲಿ ಎಚ್ಚರಿಕೆಯ ರಾಸಾಯನಿಕವೊಂದು ಇರುತ್ತದೆ. ಚರ್ಮ ಹರಿದರೆ ಅದು ನೀರಿಗೆ ಸೇರುತ್ತದೆ, ಸುತ್ತಲಿನ ಅದೇ ಜಾತಿಯ ಮೀನುಗಳು ಬೆದರಿ ಓಡುತ್ತವೆ. ಇದನ್ನು 1938ರಲ್ಲಿ ಮೊದಲು ವರದಿ ಮಾಡಿದವರು ಕಾರ್ಲ್ ಫಾನ್ ಫ್ರಿಶ್, ಜೇನುನೊಣದ ಕುಣಿತದ ಗುಟ್ಟು ಬಿಡಿಸಿ ಮುಂದೆ ನೊಬೆಲ್ ಪಡೆದ ವಿಜ್ಞಾನಿ. ಟ್ಯಾಂಕ್‌ನಲ್ಲಿ ಒಂದು ಟೆಟ್ರಾಗೆ ಕಚ್ಚಿದ ಗಾಯವಾದರೆ ಅದರ ನೆಂಟರೆಲ್ಲ ದಿನವಿಡೀ ಅಂಜಿಕೊಂಡೇ ಇರಬಹುದು. ಎರಡನೆಯದು, ಈ ಬಳಗದ ಮೀನುಗಳಿಗೆ ಗಾಳಿಚೀಲದಿಂದ ಒಳಗಿವಿಗೆ ಸದ್ದು ಸಾಗಿಸುವ ಪುಟ್ಟ ಮೂಳೆಗಳ ಸರಪಳಿ ಇದೆ. ಅವುಗಳ ಕಿವಿ ಬಹಳ ಚುರುಕು. ಮನೆಗೆ ಬಂದ ಮಕ್ಕಳು ಗಾಜು ತಟ್ಟಿದರೆ ಒಳಗೆ ಏನಾಗುತ್ತದೆ ಅಂತ ಯೋಚಿಸಿ.

ಈಗ ನೀರಿನ ಮಾತು. ಮೀನು ಆರಿಸುವ ಮುಂಚೆ ನೀರು ನೋಡಬೇಕು. ನೀವು ಟಿಡಿಎಸ್ ಹೇಳಿದ್ದು ಒಳ್ಳೆಯದಾಯಿತು, ಆದರೆ ಅದೊಂದೇ ಸಾಲದು. ಟಿಡಿಎಸ್ ಮೀಟರ್ ನೀರಲ್ಲಿ ಕರಗಿದ್ದೆಲ್ಲದರ ಅಂದಾಜು ಕೊಡುತ್ತದೆ. ಮೀನಿಗೆ ಮುಖ್ಯವಾದದ್ದು ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಅನ್ನುವುದು, ಅಂದರೆ ನೀರಿನ ಗಡಸುತನ. ಅಪಾರ್ಟ್‌ಮೆಂಟ್‌ಗಳಲ್ಲಿ ಈ ಗೊಂದಲ ಜಾಸ್ತಿ. ಅಲ್ಲಿನ ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಗಡಸುತನ ಇಳಿದಿರುತ್ತದೆ, ಮೀಟರ್ ಮಾತ್ರ ಹಳೆಯ ಅಂಕಿಯನ್ನೇ ತೋರಿಸುತ್ತದೆ. ಆ ನೀರು ಮೃದು ನೀರಿನ ಮೀನಿಗೆ ಒಗ್ಗುತ್ತದೆ ಅಂತ ಅಂದುಕೊಳ್ಳಬೇಡಿ. ಸಾಫ್ಟ್‌ನರ್‌ಗೆ ಮುಂಚಿನ ನಲ್ಲಿಯ ನೀರು ಸಿಕ್ಕರೆ ಅದನ್ನೇ ಬಳಸಿ. ಗಡಸುತನ, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ), ಅಮೋನಿಯಾ ಅಳೆಯುವ ಡ್ರಾಪ್ ಕಿಟ್ ಒಂದು ತೆಗೆದುಕೊಳ್ಳಿ. ಹೊಸ ಮೀನಿಗೆ ಹಾಕುವ ದುಡ್ಡಿಗಿಂತ ಅದು ಮೊದಲು ಬೇಕಾದ ಖರ್ಚು.

ನಿಯಾನ್, ಕಾರ್ಡಿನಲ್, ರಮ್ಮಿನೋಸ್ ಎಲ್ಲ ಅಮೆಜಾನ್ ಕೊಳ್ಳದ ಟೆಟ್ರಾಗಳು. ಕಾರ್ಡಿನಲ್ ಬರುವ ರಿಯೋ ನೀಗ್ರೋ ನದಿಯ ನೀರು ಟೀ ಡಿಕಾಕ್ಷನ್ ಬಣ್ಣದ್ದು, ಹುಳಿ, ಖನಿಜವೇ ಇಲ್ಲ ಅನ್ನುವಷ್ಟು ಮೃದು. ಈಗ ಅಂಗಡಿಗೆ ಬರುವ ನಿಯಾನ್‌ಗಳಲ್ಲಿ ಹೆಚ್ಚಿನವು ಫಾರ್ಮ್‌ಗಳಲ್ಲಿ ಹುಟ್ಟಿದವು, ಅವು ತುಸು ಗಡಸು ನೀರನ್ನು ತಡೆದುಕೊಳ್ಳುತ್ತವೆ. 700 ಮಾತ್ರ ಜಾಸ್ತಿಯಾಯಿತು. ನಿಮಗೆ ಇವೇ ಬೇಕು ಅಂದರೆ ಮನೆಯ ಆರ್‌ಓ ನೀರನ್ನು ಅರ್ಧಕ್ಕರ್ಧ ಬೆರೆಸಿ. ಆರ್‌ಓ ನೀರು 50 ಇದ್ದರೆ ಮಿಶ್ರಣ ಸುಮಾರು 375ಕ್ಕೆ ಬರುತ್ತದೆ. ನಿಮ್ಮ ಟ್ಯಾಂಕ್ ಅಂಚಿನವರೆಗೆ ತುಂಬಿದರೆ 130 ಲೀಟರ್ ಚಿಲ್ಲರೆ. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾಗಿ 110 ಲೀಟರ್ ಹಿಡಿಯಬಹುದು. ವಾರಕ್ಕೆ ಕಾಲು ಭಾಗ ನೀರು ಬದಲಿಸಿದರೆ 28 ಲೀಟರ್. ಅದರಲ್ಲಿ 14 ಲೀಟರ್ ಆರ್‌ಓ. ಮಾಡಬಹುದಾದ ಕೆಲಸವೇ, ಆದರೆ ವರ್ಷವಿಡೀ ತಪ್ಪದೆ ಮಾಡಬೇಕು. ಒಂದು ವಾರ 375, ಇನ್ನೊಂದು ವಾರ 700 ಅಂತ ಏರಿಳಿಸುವುದಕ್ಕಿಂತ ಸ್ಥಿರವಾಗಿ ಗಡಸಾಗಿರುವುದೇ ಮೇಲು. ಪಿಎಚ್ ಇಳಿಸುವ ಬಾಟಲಿ ದ್ರಾವಣ ಕೊಳ್ಳಬೇಡಿ. ಬೋರ್‌ವೆಲ್ ನೀರಲ್ಲಿ ಕಾರ್ಬೊನೇಟ್ ಜಾಸ್ತಿ. ಇವತ್ತು ಇಳಿದ ಪಿಎಚ್ ನಾಳೆ ಮತ್ತೆ ಏರಿ ಕೂರುತ್ತದೆ, ಮೀನು ಹೈರಾಣಾಗುತ್ತದೆ.

ನೀರು ಬೆರೆಸುವ ತಾಪತ್ರಯ ಬೇಡ ಅನ್ನುವವರು ಗಡಸು ನೀರನ್ನು ಇಷ್ಟಪಡುವ ಮೀನನ್ನೇ ತರಲಿ. ಇಂಡೋನೇಷ್ಯಾದ ಪಪುವಾ ಕಡೆಯ ಅಜಾಮಾರು ಸರೋವರಗಳ ಬೋಸ್ಮನಿ ರೇನ್‌ಬೋ ಇದೆ, ಮುಂಭಾಗ ನೀಲಿ ಬೂದು, ಹಿಂಭಾಗ ಕಿತ್ತಳೆ. ಅದರ ಹುಟ್ಟೂರಿನ ನೀರೇ ಗಡಸು, ಕ್ಷಾರೀಯ. ಮರಿಯಾಗಿದ್ದಾಗ ಬಣ್ಣವೇ ಇರುವುದಿಲ್ಲ, ಹಾಗಾಗಿ ಅಂಗಡಿಯಲ್ಲಿ ಯಾರೂ ಅದನ್ನು ತಿರುಗಿ ನೋಡುವುದಿಲ್ಲ. ಬೆಳೆದ ಗಂಡುಗಳು ಬೆಳಗಿನ ಹೊತ್ತು ಒಂದನ್ನೊಂದು ಬಳಸಿ ಸುತ್ತುವುದನ್ನು ನೋಡಿದರೆ ನಿಯಾನ್ ಮರೆತೇ ಹೋಗುತ್ತದೆ. ಹತ್ತು ಸೆಂಟಿಮೀಟರ್ ಬೆಳೆಯುವ ಮೀನು, ಹಾಗಾಗಿ ನಿಮ್ಮ ಟ್ಯಾಂಕ್‌ಗೆ ಆರಕ್ಕಿಂತ ಜಾಸ್ತಿ ಬೇಡ. ಇದು ದೊಡ್ಡದಾಯಿತು ಅನ್ನುವವರಿಗೆ ಆರು ಸೆಂಟಿಮೀಟರ್‌ನ ನಿಯಾನ್ ಡ್ವಾರ್ಫ್ ರೇನ್‌ಬೋ ಸಿಗುತ್ತದೆ.

ಗಡಸು ನೀರಿಗೂ ಮೃದು ನೀರಿಗೂ ಜಗ್ಗದೆ ಬದುಕುವ ಇನ್ನೊಂದು ಮೀನು ಜೀಬ್ರಾ ಡ್ಯಾನಿಯೋ. ಅಂಗಡಿಯಲ್ಲಿ ಅತಿ ಅಗ್ಗದ ಮೀನುಗಳಲ್ಲಿ ಇದೂ ಒಂದು, ಅದಕ್ಕೇ ಮರ್ಯಾದೆ ಕಡಿಮೆ. ಭಾರತದ್ದೇ ಮೀನು. 1822ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟವರು ಫ್ರಾನ್ಸಿಸ್ ಹ್ಯಾಮಿಲ್ಟನ್, ಮೇಲೆ ಹೇಳಿದ ಹ್ಯಾಮಿಲ್ಟನ್ ಅಲ್ಲ, ಬೇರೆಯವರು. ಟಿಪ್ಪು ಮಡಿದ ಮೇಲೆ 1800–01ರಲ್ಲಿ ಮೈಸೂರು, ಕೆನರಾ ಸೀಮೆಯನ್ನೆಲ್ಲ ಸುತ್ತಿ ಊರೂರಿನ ಬೆಳೆ, ಕಸುಬು ಬರೆದಿಟ್ಟ ಬುಕಾನನ್ ಹೆಸರು ಕೇಳಿರುತ್ತೀರಲ್ವಾ? ಅವರೇ ಇವರು. ಆಮೇಲೆ ಹೆಸರು ಬದಲಿಸಿಕೊಂಡರು. ಗಂಗಾ ನದಿಯ ಮೀನುಗಳ ಕುರಿತ ಅವರ ಕೆಲಸಕ್ಕೆ ಚಿತ್ರ ಬರೆದವರು ಹಲುದಾರ್ ಎಂಬ ಬಂಗಾಳಿ ಕಲಾವಿದ. ಸುಮಾರು ಇನ್ನೂರು ವರ್ಷದ ಬಳಿಕ, ಪಶ್ಚಿಮ ಘಟ್ಟದ ಒಂದು ಬಾರ್ಬ್ ಕುಲಕ್ಕೆ ಆ ಕಲಾವಿದನ ಹೆಸರಿಟ್ಟಿದ್ದಾರೆ: ಹಲುದಾರಿಯಾ. ಅಂಗಡಿಯಲ್ಲಿ ಮೆಲನ್ ಬಾರ್ಬ್ ಅಂತ ಮಾರುತ್ತಾರೆ. ನಮ್ಮ ಘಟ್ಟದ ಹೊಳೆಗಳಲ್ಲಿ ಇರುವ ಮೀನಿದು. ಕೆಂಪು ಮೈಮೇಲೆ ಕಪ್ಪು ಅಡ್ಡ ಪಟ್ಟೆ, ಆರು ಸೆಂಟಿಮೀಟರ್ ಆಸುಪಾಸು. ಟೈಗರ್ ಬಾರ್ಬ್‌ಗಿಂತ ಸಾಧು. ಸಾಕಿ ಮರಿ ಮಾಡಿದ್ದು ಸಿಕ್ಕರೆ ಎಂಟು ಹತ್ತು ತನ್ನಿ.

ಘಟ್ಟದ ಮೀನು ಅಂದ ತಕ್ಷಣ ಮಿಸ್ ಕೇರಳ ನೆನಪಾಗುತ್ತದೆ. ಕೆಂಪು ಗೆರೆ, ಬಾಲದಲ್ಲಿ ಕಪ್ಪು ಹಳದಿ, ಎಂಥವರನ್ನೂ ನಿಲ್ಲಿಸುವ ಚೆಲುವು. ನಿಮಗೆ ನಾನು ಬೇಡ ಅನ್ನುತ್ತೇನೆ. ಹದಿನೈದು ಸೆಂಟಿಮೀಟರ್ ಹತ್ತಿರ ಬೆಳೆಯುವ, ಓಡುವ ನೀರಿನ ಮೀನು ಅದು. ಆರರ ಗುಂಪಿಗೆ ನಾಲ್ಕು ಐದು ಅಡಿ ಟ್ಯಾಂಕ್ ಬೇಕು. ಜೊತೆಗೆ ಅಕ್ವೇರಿಯಂ ವ್ಯಾಪಾರಕ್ಕೆ ಹೊಳೆಯಿಂದ ಹಿಡಿದು ಹಿಡಿದು ಅದರ ಸಂಖ್ಯೆ ಕುಸಿದಿದೆ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ. ಕಾಡಿನ ಹೊಳೆಯದ್ದೋ ಫಾರ್ಮ್‌ನದ್ದೋ ಅಂತ ಅಂಗಡಿಯಲ್ಲಿ ನಿಂತು ಹೇಳಲಾಗುವುದಿಲ್ಲ.

ಇನ್ನು ನಿಮ್ಮ ಟ್ಯಾಂಕ್‌ಗೆ ಬರೋಣ. ಮೊದಲು ಹೋಗಬೇಕಾದ್ದು ಬಾಲಾ ಶಾರ್ಕ್. ಅದು ಗುಂಪಿನ ಮೀನೇ, ಸಾಧು ಕೂಡ. ಆದರೆ ಒಂದಡಿ ದಾಟಿ ಬೆಳೆಯುತ್ತದೆ. ಮೂರು ಅಡಿಯ ಗಾಜಿನೊಳಗೆ ಎಲ್ಲಿ ತಿರುಗುತ್ತದೆ? ಬೆದರಿದರೆ ಚಿಮ್ಮಿ ಮುಚ್ಚಳಕ್ಕೆ ಬಡಿದುಕೊಳ್ಳುತ್ತದೆ. ಇದೇ ಸಾಲಿಗೆ ಸೇರುವ ಇನ್ನೂ ಕೆಲವು ಅಂಗಡಿಯಲ್ಲಿ ಎರಡಿಂಚಿನ ಮರಿಗಳಾಗಿ ನಗುತ್ತಿರುತ್ತವೆ. 'ಶಾರ್ಕ್' ಅಂತ ಕೊಡುವ ಬೆಳ್ಳಿ ಬಣ್ಣದ ಮೀನು ಪಂಗಾಸಿಯಸ್. ಊಟಕ್ಕೆ ಕೆರೆಗಳಲ್ಲಿ ಸಾಕುವ ಅದೇ ಮೀನು, ಒಂದು ಮೀಟರ್ ದಾಟುತ್ತದೆ. 'ಪಿರಾನ್ಹಾ' ಅಂತ ಕೊಡುವುದು ಸಾಮಾನ್ಯವಾಗಿ ಪಾಕು. ಟಿನ್‌ಫಾಯಿಲ್ ಬಾರ್ಬ್ ಕೂಡ ಒಂದಡಿ ಗಿರಾಕಿ. ಯಾವ ಮೀನು ಕೊಳ್ಳುವಾಗಲೂ 'ಎಷ್ಟು ದೊಡ್ಡದಾಗುತ್ತದೆ' ಅಂತ ಅಂಗಡಿಯವರನ್ನು ಕೇಳಬೇಡಿ, ಅಲ್ಲೇ ಫೋನ್ ತೆಗೆದು ನೀವೇ ನೋಡಿ. 'ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತೆ ಸಾರ್' ಅನ್ನುವ ಉತ್ತರ ಬಂದರೆ ಅಲ್ಲಿಂದ ಹೊರಡಿ. ಸಣ್ಣ ಟ್ಯಾಂಕ್‌ನಲ್ಲಿ ಬೆಳವಣಿಗೆ ಕುಂಠಿತವಾಗುವುದು ಕೊಳೆ ನೀರಿನ ಕಾಯಿಲೆ, ಹೊಂದಾಣಿಕೆಯಲ್ಲ.

ಉಳಿದ ಮೀನುಗಳಲ್ಲಿ ಯಾರನ್ನು ಇಟ್ಟುಕೊಳ್ಳುತ್ತೀರಿ ಅನ್ನುವುದರ ಮೇಲೆ ಮುಂದಿನ ದಾರಿ. ಟೈಗರ್ ಬಾರ್ಬ್ ಇಷ್ಟವೇ? ಹಾಗಾದರೆ ಏಂಜಲ್, ವಿಡೋ ಎರಡನ್ನೂ ಕೊಟ್ಟುಬಿಡಿ, ಟೈಗರ್ ಅನ್ನು ಹತ್ತಕ್ಕೆ ಏರಿಸಿ. ಹಸಿರು ಟೈಗರ್, ಬಿಳಿ ಟೈಗರ್ ಅಂತ ಸಿಗುವವೂ ಅದೇ ಜಾತಿ, ಬಣ್ಣ ಬೇರೆ ಅಷ್ಟೆ. ಬೆರೆಸಿ ತಂದರೂ ಒಂದೇ ಗುಂಪಾಗುತ್ತವೆ. ಜೊತೆಗೆ ಎಂಟು ಜೀಬ್ರಾ ಡ್ಯಾನಿಯೋ. ಟೈಗರ್ ಅಟ್ಟಿಸಿಕೊಂಡು ಬರುವಷ್ಟರಲ್ಲಿ ಅವು ಇನ್ನೊಂದು ಮೂಲೆ ಸೇರಿರುತ್ತವೆ. ಉದ್ದ ರೆಕ್ಕೆಯ ಡ್ಯಾನಿಯೋ ಮಾತ್ರ ಬೇಡ, ಗಿಡ್ಡ ರೆಕ್ಕೆಯವೇ ಇರಲಿ. ತಳಕ್ಕೆ ಆರು ಬ್ರಾಂಜ್ ಕೋರಿಡೋರಸ್. ನಿಮ್ಮ ಬೋರ್‌ವೆಲ್ ನೀರಿಗೆ ಅತಿ ಕಡಿಮೆ ತಾಪತ್ರಯದ ಕೂಟ ಇದು. ಗಲಾಟೆ ಟ್ಯಾಂಕ್ ಆಗುತ್ತದೆ ನಿಜ, ಮಕ್ಕಳಿಗೆ ಅದೇ ಬೇಕು.

ಏಂಜಲ್ ಬಿಡಲು ಮನಸ್ಸಿಲ್ಲ ಅಂದರೆ ಟೈಗರ್ ಮತ್ತು ವಿಡೋ ಹೋಗಬೇಕು. ನೀರು ಚೊಕ್ಕಟವಾಗಿದ್ದರೆ ಹರಿದ ರೆಕ್ಕೆ ಮತ್ತೆ ಬೆಳೆಯುತ್ತದೆ, ಔಷಧಿ ಸುರಿಯುವ ಅಗತ್ಯವಿಲ್ಲ. ಆಗ ಗುಂಪಿನ ಮೀನು ಎರಡು ಪರೀಕ್ಷೆ ಪಾಸಾಗಬೇಕು. ಏಂಜಲ್ ಬಾಯಿಗೆ ಹಿಡಿಸಬಾರದು, ಏಂಜಲ್ ರೆಕ್ಕೆಗೆ ಬಾಯಿ ಹಾಕಬಾರದು. ಕಾಂಗೋ ಟೆಟ್ರಾ ಎಂಟು ಸೆಂಟಿಮೀಟರ್, ಸಾಧು, ಆರು ಇದ್ದರೆ ಚೆಂದ. ಪೂರ್ತಿ ಬೆಳೆದ ರಮ್ಮಿನೋಸ್ ಕೂಡ ನಡೆಯುತ್ತದೆ, ಆದರೆ ಮೇಲೆ ಹೇಳಿದ ಬೆರೆಸಿದ ನೀರಲ್ಲಿ. ಎರಡೂ ಏಂಜಲ್ ಗಂಡು ಹೆಣ್ಣಾಗಿ ಜೋಡಿ ಕಟ್ಟಿ ಮೊಟ್ಟೆಯಿಟ್ಟರೆ ಆಗ ಅವುಗಳದ್ದೇ ದರ್ಬಾರು. ಟ್ಯಾಂಕ್‌ನ ಅರ್ಧ ಭಾಗಕ್ಕೆ ಬೇಲಿ ಹಾಕಿದಂತೆ ಎಲ್ಲರನ್ನೂ ಆಚೆ ಅಟ್ಟುತ್ತವೆ.

ಎರಡನ್ನೂ ಕೊಟ್ಟು ಹೊಸದಾಗಿ ಶುರು ಮಾಡುತ್ತೇನೆ ಅನ್ನುವುದಾದರೆ ನನ್ನ ಮನಸ್ಸು ಅಲ್ಲೇ ಇದೆ. ಹನ್ನೆರಡು ರಮ್ಮಿನೋಸ್, ಎಂಟು ಚೆರ್ರಿ ಬಾರ್ಬ್, ಆರು ಕೋರಿಡೋರಸ್. ರಮ್ಮಿನೋಸ್‌ನಷ್ಟು ಒಟ್ಟಾಗಿ ಈಜುವ ಸಣ್ಣ ಮೀನು ಅಂಗಡಿಗಳಲ್ಲಿ ಸಿಗುವುದು ಕಷ್ಟ. ಒಂದು ತಿರುಗಿದರೆ ಹನ್ನೆರಡೂ ತಿರುಗುತ್ತವೆ. ಅದರ ಮೂತಿಯ ಕೆಂಪು ನೀರಿನ ಆರೋಗ್ಯ ಹೇಳುತ್ತದೆ. ನೀರು ಕೆಟ್ಟರೆ, ಹೆದರಿದರೆ ಮೂತಿ ಬಿಳಿಚಿಕೊಳ್ಳುತ್ತದೆ. ಬೆಳಿಗ್ಗೆ ಲೈಟ್ ಹಾಕಿದ ಕೂಡಲೇ ಬಿಳಿಚಿದ್ದರೆ ಗಾಬರಿ ಬೇಡ, ಸ್ವಲ್ಪ ಹೊತ್ತಿಗೆ ಕೆಂಪಾಗುತ್ತದೆ. ನಿಯಾನ್ ಕೂಡ ಹಾಗೇ, ರಾತ್ರಿ ಕತ್ತಲಲ್ಲಿ ಅದರ ನೀಲಿ ಗೆರೆ ಮಾಸುತ್ತದೆ. ಮಧ್ಯರಾತ್ರಿ ಟಾರ್ಚ್ ಹಾಕಿ ನೋಡಿ ಹೌಹಾರುವವರಿದ್ದಾರೆ. ಚೆರ್ರಿ ಬಾರ್ಬ್ ಶ್ರೀಲಂಕಾದ್ದು, ಐದು ಸೆಂಟಿಮೀಟರ್, ಬಾರ್ಬ್ ಬಳಗದಲ್ಲೇ ಸೌಮ್ಯ. ಅದು ಬಿಗಿಯಾದ ಗುಂಪು ಕಟ್ಟುವುದಿಲ್ಲ, ಗಿಡಗಳ ನಡುವೆ ಚೆದುರಿಕೊಂಡು ಓಡಾಡುತ್ತದೆ. ಎರಡು ಬಗೆಯ ಈಜು ಒಂದೇ ಟ್ಯಾಂಕ್‌ನಲ್ಲಿ ಸಿಗುತ್ತದೆ. ಚೆರ್ರಿ ಬದಲು ಹಾರ್ಲಿಕ್ವಿನ್ ರಾಸ್ಬೋರಾ ತಂದರೂ ಸರಿ, ಮಲೇಷ್ಯಾ ಕಡೆಯ ತಾಮ್ರಬಣ್ಣದ ಮೀನು, ಜಗಳ ಗೊತ್ತಿಲ್ಲ.

ಕೋರಿಡೋರಸ್ ತರುವವರು ತಳದಲ್ಲಿ ಚೂಪು ಜಲ್ಲಿ ಹಾಕಬಾರದು, ನಯವಾದ ಮರಳು ಬೇಕು. ಅದು ಮೀಸೆಯಿಂದ ಮರಳು ಕೆದಕಿ ತಿನ್ನುವ ಮೀನು. ಆಗಾಗ ಸರ್ರನೆ ಮೇಲೆ ಹೋಗಿ ಒಂದು ಗುಟುಕು ಗಾಳಿ ನುಂಗಿ ಬರುತ್ತದೆ. ಕರುಳಿನ ಮೂಲಕವೂ ಉಸಿರಾಡುವ ಮೀನು, ಅದು ಸಹಜ. ನಿಮಿಷ ನಿಮಿಷಕ್ಕೂ ಹೋಗುತ್ತಿದ್ದರೆ ಮಾತ್ರ ನೀರು ಪರೀಕ್ಷಿಸಿ. 'ಮಿಕ್ಕಿದ್ದು ತಿಂದು ಬದುಕುತ್ತೆ' ಅಂತ ಅದನ್ನು ಉಪವಾಸ ಕೆಡವಬೇಡಿ. ರಾತ್ರಿ ಲೈಟ್ ಆರಿಸುವಾಗ ಮುಳುಗುವ ಪೆಲೆಟ್ ಹಾಕಿ.

ಉಷ್ಣಾಂಶ ಬೆಂಗಳೂರಿನವರಿಗೆ ದೊಡ್ಡ ತಲೆನೋವಲ್ಲ. ಮೇಲೆ ಹೇಳಿದ ಮೂರೂ ಕೂಟ 25 ಡಿಗ್ರಿಯಲ್ಲಿ ಆರಾಮವಾಗಿರುತ್ತವೆ. ಡಿಸೆಂಬರ್, ಜನವರಿಯಲ್ಲಿ ನೀರು 20ರ ಹತ್ತಿರ ಇಳಿಯುತ್ತದೆ, ಥರ್ಮೋಸ್ಟಾಟ್ ಇರುವ 100 ವಾಟ್ ಹೀಟರ್ ಸಾಕು. ಕಲಬುರಗಿ, ರಾಯಚೂರಿನ ಓದುಗರಿಗೆ ಬೇಸಿಗೆಯೇ ಶತ್ರು. ಅವರು ತಂಪು ನೀರಿನ ವೈಟ್ ಕ್ಲೌಡ್ ಮಿನ್ನೋ ಅಂಥದ್ದನ್ನು ಮುಟ್ಟಲೇಬಾರದು.

ತರುವ ಕ್ರಮ ಹೀಗೆ. ಒಂದು ಗುಂಪನ್ನು ಒಟ್ಟಿಗೇ ತನ್ನಿ, ವಾರಕ್ಕೆರಡು ಮೀನು ಅಂತ ತಂದರೆ ಅವು ಅಷ್ಟು ದಿನವೂ ಒಂಟಿಯೇ. ಎರಡನೆಯ ಗುಂಪಿಗೆ ಮೂರು ನಾಲ್ಕು ವಾರ ಕಾಯಿರಿ. ಮೀನಿನ ಹೇಲಿನಿಂದ, ಕಿವಿರಿನಿಂದ ಅಮೋನಿಯಾ ಬರುತ್ತದೆ. ಫಿಲ್ಟರ್ ಸ್ಪಾಂಜ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುತ್ತವೆ. ಹೊಸಬರ ಸಂಖ್ಯೆಗೆ ತಕ್ಕ ಹಾಗೆ ಅವು ಬೆಳೆಯಲು ಸಮಯ ಬೇಕು. ಬೋರ್‌ವೆಲ್‌ನವರು ಇಲ್ಲಿ ಹೆಚ್ಚು ಹುಷಾರಾಗಿರಬೇಕು, ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ಆ ವಾರಗಳಲ್ಲಿ ಊಟ ಕಡಿಮೆ ಹಾಕಿ. ಸ್ಪಾಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕ್‌ನಿಂದ ತೆಗೆದ ನೀರಲ್ಲೇ ಹಿಂಡಿ. ಕಾವೇರಿ ನೀರು ಬಳಸುವವರು ಆಂಟಿ ಕ್ಲೋರಿನ್ ಹಾಕದೆ ಬಿಡಬಾರದು.

ಸಾಧ್ಯವಾದರೆ ಒಂದೂವರೆ ಅಡಿಯ ಸಣ್ಣ ಟ್ಯಾಂಕ್, ಸ್ಪಾಂಜ್ ಫಿಲ್ಟರ್ ಇಟ್ಟು ಹೊಸ ಮೀನುಗಳನ್ನು ಎರಡು ಮೂರು ವಾರ ಅಲ್ಲೇ ಇರಿಸಿ. ಬಿಳಿ ಚುಕ್ಕೆ ರೋಗ ಕಾಣಿಸಿಕೊಂಡರೆ ಹತ್ತು ಮೀನಿಗೆ ಮುಗಿಯುತ್ತದೆ, ಇಡೀ ಟ್ಯಾಂಕ್‌ಗೆ ಹರಡುವುದಿಲ್ಲ. ಅಂಗಡಿಯಲ್ಲಿ ನಿಂತಾಗ 'ಸ್ವಲ್ಪ ಊಟ ಹಾಕಿ ನೋಡೋಣ' ಅಂತ ಕೇಳಿ. ತಿನ್ನದ ಮೀನು ತರಬೇಡಿ. ನಿಯಾನ್ ಬೆನ್ನಲ್ಲಿ ಬಿಳಿ ಮಚ್ಚೆ ಕಂಡರೆ ಆ ಟ್ಯಾಂಕ್‌ನ ಒಂದನ್ನೂ ಮುಟ್ಟಬೇಡಿ, ಮದ್ದಿಲ್ಲದ ಕಾಯಿಲೆ ಇರಬಹುದು. ಗಾಢ ಗುಲಾಬಿ, ಹಸಿರು, ನೀಲಿ ವಿಡೋಗಳಿಗೂ ದೂರದಿಂದಲೇ ನಮಸ್ಕಾರ ಹಾಕಿ. ಬಣ್ಣದಲ್ಲಿ ಅದ್ದಿದ್ದೋ, ಸೂಜಿಯಲ್ಲಿ ಚುಚ್ಚಿದ್ದೋ, ಇಲ್ಲ ವಂಶವಾಹಿ ಬದಲಿಸಿದ್ದೋ ಆಗಿರುತ್ತವೆ. ಅದ್ದಿದ ಬಣ್ಣ ಕೆಲವೇ ತಿಂಗಳಲ್ಲಿ ಹೋಗುತ್ತದೆ.

ಮೊದಲ ಕೆಲವು ದಿನ ಗುಂಪು ಒತ್ತೊತ್ತಾಗಿ ಒಂದು ಮೂಲೆಯಲ್ಲಿ ನಿಲ್ಲುತ್ತದೆ. ನೋಡಿದವರು 'ವಾಹ್, ಎಷ್ಟು ಚೆನ್ನಾಗಿ ಸೇರಿಕೊಂಡಿವೆ' ಅನ್ನುತ್ತಾರೆ. ಅದು ಹೆದರಿಕೆ. ನೆಮ್ಮದಿಯಾದ ಮೇಲೆ ಗುಂಪು ಸಡಿಲವಾಗುತ್ತದೆ, ಒಂದೊಂದು ಮೀನು ತನ್ನ ಪಾಡಿಗೆ ಎಲೆ ಕೆದಕುತ್ತಾ ಹೋಗಿ ವಾಪಸ್ ಬರುತ್ತದೆ. ಗುಂಪು ಚೆದುರಿತಲ್ಲಾ ಅಂತ ಬೇಜಾರಾಗಬೇಡಿ. ಬಾಗಿಲು ಧಡ್ ಅಂದರೆ ಕ್ಷಣದಲ್ಲಿ ಮತ್ತೆ ಸೇರುತ್ತವೆ. ಸೇರಿಸಿ ನೋಡಬೇಕು ಅಂತ ನೀವೇ ಬಾಗಿಲು ಬಡಿಯಬೇಡಿ.

ಕೊನೆಯದಾಗಿ ಸಕ್ಕರ್ ಮೀನು. ಬೇಡ. ಎರಡಿಂಚಿನ ಮರಿ ಒಂದೂವರೆ ಅಡಿಯಾಗುತ್ತದೆ, ಬೆಳೆದ ಮೇಲೆ ಪಾಚಿ ತಿನ್ನುವುದಕ್ಕಿಂತ ಹೇಲುವುದೇ ಜಾಸ್ತಿ. ಆಗ ಜನ ಅದನ್ನು ಹತ್ತಿರದ ಕೆರೆಗೆ ಬಿಡುತ್ತಾರೆ. ಗಟ್ಟಿ ಚಿಪ್ಪಿನ ಮೈ, ತಿನ್ನುವವರಿಲ್ಲ. ದೇಶದ ಹಲವು ಕೆರೆ, ನದಿಗಳಲ್ಲಿ ಅದು ಈಗಾಗಲೇ ನೆಲೆಯೂರಿ ಮೀನುಗಾರರ ಬಲೆ ಹರಿಯುತ್ತಿದೆ. ನಿಮ್ಮ ಬಾಲಾ ಶಾರ್ಕ್, ಏಂಜಲ್ ಯಾವುದನ್ನೂ ಕೆರೆಗೆ ಬಿಡಬೇಡಿ. ಅಂಗಡಿಗೆ ವಾಪಸ್ ಕೊಡಿ, ದುಡ್ಡು ಬರದಿದ್ದರೂ ಪರವಾಗಿಲ್ಲ. ಗಾಜಿನ ಪಾಚಿಗೆ ಲೈಟನ್ನು ದಿನಕ್ಕೆ ಏಳೆಂಟು ಗಂಟೆಗೆ ಇಳಿಸಿ, ಮ್ಯಾಗ್ನೆಟ್ ಬ್ರಶ್ ಒಂದು ಇಟ್ಟುಕೊಳ್ಳಿ. ಜೀವಂತ ಸಹಾಯಕನೇ ಬೇಕು ಅಂದರೆ ಮೂರು ನೆರೈಟ್ ಬಸವನಹುಳು ತನ್ನಿ. ಸಿಹಿನೀರಲ್ಲಿ ಅವು ಮರಿ ಮಾಡುವುದಿಲ್ಲ, ಬೋರ್‌ವೆಲ್ ನೀರಿನ ಸುಣ್ಣ ಅವುಗಳ ಚಿಪ್ಪಿಗೆ ಒಳ್ಳೆಯದೇ. ಟ್ಯಾಂಕ್ ಮುಚ್ಚಳ ಮಾತ್ರ ಸರಿಯಾಗಿ ಮುಚ್ಚಿ. ರಾತ್ರಿ ಹತ್ತಿಕೊಂಡು ಹೊರಗೆ ಬರುತ್ತವೆ, ಡ್ಯಾನಿಯೋಗಳೂ ಹಾರುವುದರಲ್ಲಿ ನಿಸ್ಸೀಮ.